ಅರೆದಷ್ಟೂ ತಿಳಿಯಾಗುವ ನೀಲಿ

ಬನ್ಸಿ ರವೆ, ಚಿರೋಟಿ ರವೆ, ಮೈದಾ ಮೂರೂ ಗೋಧಿಯೇ. ಅರೆದ ಹದ ಮಾತ್ರ ಬೇರೆ. ಜಪಾನಿನ ಸಾಂಪ್ರದಾಯಿಕ ಶೈಲಿಯಾದ ನಿಹೊಂಗಾದ ಚಿತ್ರಕಾರರ ಬಣ್ಣದ ಸೀಸೆಗಳ ಸಾಲು ಕಂಡಾಗಲೆಲ್ಲ ನನಗೆ ಅಡುಗೆಮನೆಯ ಈ ಡಬ್ಬಿಗಳೇ ನೆನಪಾಗುತ್ತವೆ. ಅಜುರೈಟ್ ಎಂಬ ನೀಲಿ ಕಲ್ಲನ್ನು ತರಿತರಿಯಾಗಿ ಕುಟ್ಟಿದರೆ ನಡುರಾತ್ರಿಯ ಕಡುನೀಲಿ. ಇನ್ನಷ್ಟು ಅರೆದರೆ ಕೆರೆಯ ನೀಲಿ. ನುಣ್ಣಗೆ, ಇನ್ನೂ ನುಣ್ಣಗೆ ಅರೆಯುತ್ತ ಹೋದರೆ ಮುಂಜಾನೆಯ ಆಕಾಶದ ಬಿಳಿಚು ನೀಲಿ. ಬೇರೊಂದು ಬಣ್ಣವನ್ನು ಬೆರೆಸುವ ಮಾತೇ ಇಲ್ಲ. ಮಲಕೈಟ್ ಕಲ್ಲಿನ ಹಸಿರಿಗೂ ಇದೇ ನಿಯಮ.

ಈ ಪುಡಿ ತಾನಾಗಿ ಎಲ್ಲಿಯೂ ನಿಲ್ಲದು. ಅದನ್ನು ಹಿಡಿದಿಡಲು ಪ್ರಾಣಿಗಳ ತೊಗಲು, ಮೂಳೆಯಿಂದ ತೆಗೆದ ನಿಕಾವಾ ಎಂಬ ಅಂಟು ಬೇಕು. ಅದನ್ನು ನೀರಿನಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು, ಕುದಿ ಬಾರದಂತೆ ಕರಗಿಸಬೇಕು. ಆಮೇಲೆ ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಬಣ್ಣವನ್ನು ಬೆರಳಿನಿಂದಲೇ ಕಲಸಬೇಕು. ಅಂಟು ಸಾಕೋ ಸಾಲದೋ ಎಂದು ಹೇಳುವುದೂ ಆ ಬೆರಳೇ.

ಬಿಳಿಯ ಬಣ್ಣದ ಉಪಚಾರವಂತೂ ಇನ್ನೂ ಸೊಗಸು. ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿದ ಸಿಂಪಿ ಚಿಪ್ಪನ್ನು ಅರೆದು ಮಾಡಿದ ಪುಡಿ ಗೊಫುನ್. ಅಂಟು ಬೆರೆಸಿ, ಕಣಕದಂತೆ ನಾದಿ, ಆ ಉಂಡೆಯನ್ನು ಬಟ್ಟಲಿಗೆ ಪಟ್ ಪಟ್ ಎಂದು ನೂರು ಸಲ ಬಡಿಯುತ್ತಾರೆ. ಆಗ ಹುಟ್ಟುವ ಬಿಳುಪು ಕಣ್ಣಿಗೆ ಚುಚ್ಚದು. ಕೆನೆಯ ಹಾಗೆ ಮೆಲ್ಲಗೆ ಹರಡಿಕೊಳ್ಳುತ್ತದೆ. ರೇಷ್ಮೆಗೂ ಕಾಗದಕ್ಕೂ ಮೊದಲು ಬಳಿಯುವ ಪಟಿಕ, ಅಂಟಿನ ನೀರಿನ ಹೆಸರು ‘ದೋಸಾ’! ಕನ್ನಡದ ಕಿವಿಗೆ ಹಸಿವಾದರೆ ತಪ್ಪೇನು?

ಇಷ್ಟೆಲ್ಲ ಸಿದ್ಧತೆಯ ಫಲವನ್ನು ನಾನು ಸವಿಯುವುದು ನಿಹೊಂಗಾ ಚಿತ್ರಕಾರ ಹಿಶಿದಾ ಶುನ್ಸೊ 1910ರಲ್ಲಿ ರೇಷ್ಮೆಯ ಮೇಲೆ ಬರೆದ ‘ಕಪ್ಪು ಬೆಕ್ಕು’ ಚಿತ್ರದಲ್ಲಿ. ಓಕ್ ಮರದ ಬಾಗಿದ ಕಾಂಡ, ಹೊಂಬಣ್ಣಕ್ಕೆ ತಿರುಗಿದ ಅಗಲ ಎಲೆಗಳು. ನಡುವೆ ಮುದುಡಿ ಕೂತು, ಮೈಯೆಲ್ಲ ಕಿವಿಯಾಗಿ, ನಮ್ಮನ್ನೇ ದಿಟ್ಟಿಸುವ ಬೆಕ್ಕು. ಅದರ ಮೈಯಂಚಿಗೆ ಗೆರೆಯೇ ಇಲ್ಲ. ಮಸಿ ಹಾಗೇ ಮೆತ್ತಗೆ, ಮೆತ್ತಗೆ ಕರಗಿ, ರೋಮವಾಗಿ, ಗಾಳಿಯಾಗಿಬಿಡುತ್ತದೆ. ಗೆರೆ ಬಿಟ್ಟದ್ದಕ್ಕೆ ಶುನ್ಸೊನನ್ನೂ ಗೆಳೆಯ ಯೊಕೊಯಾಮಾ ತೈಕಾನ್‌ನನ್ನೂ ‘ಮಬ್ಬು ಶೈಲಿ’ಯವರೆಂದು ಹಂಗಿಸಿದ್ದುಂಟು. ಇಬ್ಬರೂ 1903ರಲ್ಲಿ ಕಲ್ಕತ್ತೆಗೆ ಬಂದಿದ್ದರು. ತೈಕಾನ್ ತೊಳೆದು ತೊಳೆದು ಬಣ್ಣ ಹಚ್ಚುವ ಬಗೆಯನ್ನು ನೋಡಿ ಕಲಿತ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರೇ ಮುಂದೆ ನಮ್ಮ ಕನ್ನಡನಾಡಿನ ಚಿತ್ರಕಾರ ಕೆ. ವೆಂಕಟಪ್ಪನವರಿಗೆ ಗುರುವಾದರು.

ಮೂತ್ರಪಿಂಡದ ಕಾಯಿಲೆಯಿಂದ ಕಣ್ಣು ಮಂಜಾಗಿದ್ದ ಶುನ್ಸೊ ಮರುವರ್ಷವೇ, 36ರ ಹರೆಯದಲ್ಲಿ, ತೀರಿಕೊಂಡ. ಬೆಕ್ಕು ಮಾತ್ರ ಇನ್ನೂ ಕೂತಿದೆ. ಮುದ್ರಿತ ಪ್ರತಿಯಲ್ಲಿ ನೋಡುವಾಗಲೂ ಆ ರೋಮ ಸವರಲು ನನ್ನ ಬೆರಳು ಮುಂದೆ ಹೋಗುತ್ತದೆ. ಎಲ್ಲಿ ಜಿಗಿದು ಓಡೀತೋ ಎಂದು ಅಲ್ಲೇ ನಿಲ್ಲುತ್ತದೆ.