ನಾಣ್ಯ ಓದುವ ಸುಖ: ಹೊಸಬರಿಗೊಂದು ಕೈಪಿಡಿ

ಹಣ, ದುಡ್ಡು, ಕಾಸು. ದಿನಕ್ಕೆ ಹತ್ತು ಸಲ ನಮ್ಮ ಬಾಯಿಗೆ ಬರುವ ಈ ಮೂರು ಮಾತೂ ಒಂದು ಕಾಲಕ್ಕೆ ಒಂದೊಂದು ನಾಣ್ಯದ ಹೆಸರು. ಹಣ ಎಂದರೆ ತೊಗರಿಬೇಳೆಯಷ್ಟು ಅಗಲದ ಚಿನ್ನದ ಚೂರು. ದುಡ್ಡು, ಕಾಸು ತಾಮ್ರದವು. ಶಾಸನಗಳನ್ನು ತೆರೆದರೆ ಗದ್ಯಾಣ, ಹೊನ್ನು, ಹಾಗ, ಬೇಳೆ ಎಂದು ಇನ್ನೂ ಒಂದು ಸಾಲು ಹೆಸರು ಸಿಗುತ್ತವೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂತು, ಆಣೆ ಹೋಯಿತು. ಆದರೂ ‘ಹದಿನಾರಾಣೆ ಸತ್ಯ’ ಎಂಬ ಮಾತನ್ನು ನಾವು ಬಿಟ್ಟಿಲ್ಲ. ನಾಣ್ಯ ಕರಗಿ ಹೋದ ಮೇಲೂ ನಾಲಿಗೆಯ ಮೇಲೆ ಚಲಾವಣೆಯಲ್ಲಿದೆ. ಕನ್ನಡ ಆಡುವವನಿಗೆ ನಾಣ್ಯದ ಅರ್ಧ ಪಾಠ ಹೀಗೆ ಮನೆಯಲ್ಲೇ ಆಗಿರುತ್ತದೆ.

ಉಳಿದರ್ಧ ಪಾಠಕ್ಕೆ ಬರುವ ಹೊಸಬರು ಸಾಮಾನ್ಯವಾಗಿ ಒಂದೇ ಪ್ರಶ್ನೆ ತರುತ್ತಾರೆ: ‘ಇದಕ್ಕೆ ಎಷ್ಟು ಬರುತ್ತೆ ಸಾರ್?’ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಾಂತರ ಕೊಡುತ್ತೇವೆ ಎನ್ನುವ ವಿಡಿಯೊಗಳು ಎಲ್ಲರ ಫೋನಿಗೂ ಬಂದಿವೆ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಿತು. ಆ ನಾಣ್ಯದ ಬೆಲೆ ಐದು ರೂಪಾಯಿ, ಹೆಚ್ಚೆಂದರೆ ಇನ್ನೊಂದಿಷ್ಟು. ಬೆಲೆಯ ಮಾತು ಆಮೇಲೆ ಬರಲಿ. ಮೊದಲು ನಾಣ್ಯವನ್ನು ಓದಲು ಕಲಿಯಿರಿ. ಓದಲು ಬಂದವನಿಗೆ ಐವತ್ತು ರೂಪಾಯಿಯ ತಾಮ್ರದ ಬಿಲ್ಲೆಯೂ ಒಂದು ಸಂಜೆಯನ್ನು ತುಂಬಿಕೊಡುತ್ತದೆ. ಓದಲು ಬಾರದವನಿಗೆ ವಿಜಯನಗರದ ವರಹವೂ ಬರೀ ಚಿನ್ನ.

ಶುರು ಮಾಡುವುದು ಮನೆಯಿಂದಲೇ. ಹಳೆಯ ಡಬ್ಬಿಯ ಚಿಲ್ಲರೆಯನ್ನು ಒಂದು ತಟ್ಟೆಗೆ ಸುರಿದು, ಕಣ್ಣು ಮುಚ್ಚಿ ಬೆರಳಾಡಿಸಿ. ಚೌಕ ಸಿಕ್ಕರೆ ಒಂದು ಪೈಸೆ ಅಥವಾ ಐದು ಪೈಸೆ, ಆರು ಮೂಲೆ ಸಿಕ್ಕರೆ ಮೂರು ಪೈಸೆ ಅಥವಾ ಇಪ್ಪತ್ತು ಪೈಸೆ, ಅಂಚು ಹೂವಿನ ಎಸಳಿನಂತೆ ಬಳುಕಿದ್ದರೆ ಎರಡು ಅಥವಾ ಹತ್ತು. ಓದು ಬಾರದವರಿಗೂ, ಕಣ್ಣು ಕಾಣದವರಿಗೂ ತಿಳಿಯಲೆಂದು ಮಾಡಿದ ಆಕಾರಗಳು ಇವು. ನಡುವೆ ತೂತಿರುವ ತಾಮ್ರದ ಕಾಸು ಸಿಕ್ಕರೆ ಅದು 1943ರಿಂದ 47ರ ನಡುವಿನದು. ಯುದ್ಧಕಾಲದಲ್ಲಿ ಲೋಹ ಉಳಿಸಲು ಅದರ ನಡುವನ್ನೇ ಕೊರೆದರು. ಹಳದಿ ಬಣ್ಣದ, ಕಮಲದ ಚಿತ್ರವಿರುವ ಇಪ್ಪತ್ತು ಪೈಸೆ ಸಿಕ್ಕರೆ ಅದು 1968ರ ಆಸುಪಾಸಿನದು.

ಇನ್ನು ಭೂತಗನ್ನಡಿ ತೆಗೆದು ಇಸವಿಯ ಕೆಳಗೆ ನೋಡಿ. ಚಿಕ್ಕ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಂದು ಸಂಜೆ ತರಕಾರಿ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯಲ್ಲೂ ಈ ಗುರುತು ಇರುತ್ತದೆ. ಒಂದು ಇಸವಿಯ ಒಂದೇ ರೂಪಾಯಿಯನ್ನು ಬೇರೆ ಬೇರೆ ಟಂಕಸಾಲೆಗಳಿಂದ ಕೂಡಿಸುವುದು ಖರ್ಚೇ ಇಲ್ಲದ ಹವ್ಯಾಸ. ಮಕ್ಕಳಿಗೆ ಹಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ರಾಣಿಯ ಅಥವಾ ರಾಜನ ತಲೆಯಿರುವ ಬೆಳ್ಳಿ ರೂಪಾಯಿ ಮನೆಯಲ್ಲಿದ್ದರೆ ಅದನ್ನು ತೂಗಿ ನೋಡಿ. 11.66 ಗ್ರಾಂ. ಸರಿಯಾಗಿ ಒಂದು ತೊಲ. ಅಂಥ ಎಂಬತ್ತು ತೊಲ ಸೇರಿದರೆ ಒಂದು ಸೇರು ತೂಕ. ಅಂದರೆ ಆ ರೂಪಾಯಿ ಜೇಬಿನಲ್ಲಿ ಹಣ, ತಕ್ಕಡಿಯಲ್ಲಿ ಬಟ್ಟು. ಅಕ್ಕಸಾಲಿಗರು ಅದನ್ನೇ ಇಟ್ಟು ಚಿನ್ನ ತೂಗುತ್ತಿದ್ದರು. ಕೆಲವು ರೂಪಾಯಿಗಳ ಮೇಲೆ ಸಾಸಿವೆಯಷ್ಟು ಚಿಕ್ಕ ಮುದ್ರೆಗಳು ಕುಟ್ಟಿರುತ್ತವೆ. ಹೊಸಬರು ಇದನ್ನು ಗಾಯ ಎಂದು ಬದಿಗಿಡುತ್ತಾರೆ. ಅದು ಚಿನಿವಾರ ಬೆಳ್ಳಿಯನ್ನು ಪರೀಕ್ಷಿಸಿ ‘ಸಾಚಾ’ ಎಂದು ಹಾಕಿದ ಗುರುತು. ಅಂಚಿನಲ್ಲಿ ಬೆಸುಗೆಯ ಕಲೆಯಿದ್ದರೆ ಆ ನಾಣ್ಯ ಯಾರದೋ ಕೊರಳಲ್ಲಿತ್ತು. ಕಾಸಿನ ಸರ ಎಲ್ಲರಿಗೂ ಗೊತ್ತು. ಉತ್ತರ ಕರ್ನಾಟಕದ ಪುತಳಿ ಸರದ ಮೂಲ ವೆನಿಸ್ ನಗರದ ಚಿನ್ನದ ಡ್ಯೂಕಟ್. ಅದರ ಮೇಲಿನ ನಿಂತ, ಮಂಡಿಯೂರಿದ ಮನುಷ್ಯರು ನಮ್ಮ ಹೆಂಗಸರ ಕಣ್ಣಿಗೆ ಪುತ್ಥಳಿಗಳಾದರು. ಬೆಲೆಪಟ್ಟಿಯ ಲೆಕ್ಕದಲ್ಲಿ ಇಂಥ ಕಲೆಗಳಿಂದ ನಾಣ್ಯದ ದರ್ಜೆ ಇಳಿಯುತ್ತದೆ. ನನಗಂತೂ ಕಲೆಯಿರುವ ನಾಣ್ಯವೇ ಹೆಚ್ಚು ಪ್ರಿಯ.

ಈಗ ಒಂದು ನಾಣ್ಯವನ್ನು ಹತ್ತಿರದಿಂದ ಓದೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು ಕನ್ನಡಿಗರ ಮೊದಲ ಹಳೆಯ ನಾಣ್ಯವಾಗಲು ತಕ್ಕದ್ದು. ತಾಮ್ರದ್ದು, ಸಿಗುವಂಥದ್ದು, ಕೈಗೆಟುಕುವಂಥದ್ದು. ಒಂದು ಮುಖದಲ್ಲಿ ಆನೆ. ಅದರ ಮೇಲೆ ಕನ್ನಡದ ‘ಶ್ರೀ’, ಅದರ ಎಡಬಲಕ್ಕೆ ಸೂರ್ಯ ಚಂದ್ರ. ದಾನಶಾಸನದ ಕಲ್ಲುಗಳ ನೆತ್ತಿಯಲ್ಲಿ ನೀವು ನೋಡಿರುವ ಸೂರ್ಯ ಚಂದ್ರರೇ ಇವರು. ತಿರುಗಿಸಿದರೆ ಕನ್ನಡದಲ್ಲಿ ‘ಮಯಿಲಿ ಕಾಸು’, ಅದರೊಡನೆ ರೋಮನ್ ಅಂಕಿಯಲ್ಲಿ ಇಪ್ಪತ್ತು, ಪಕ್ಕದಲ್ಲಿ ಇಂಗ್ಲಿಷಿನ ‘ಕ್ಯಾಷ್’. ನಮ್ಮ ದಕ್ಷಿಣದ ಕಾಸೇ ಈಸ್ಟ್ ಇಂಡಿಯಾ ಕಂಪನಿಯವರ ಬಾಯಲ್ಲಿ ಕ್ಯಾಷ್ ಆದದ್ದು. ಒಂದೇ ಮಾತು ಒಂದೇ ಬಿಲ್ಲೆಯ ಮೇಲೆ ಎರಡು ವೇಷದಲ್ಲಿದೆ. 1799ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದ ಅರಸ, ಅವನ ಬೆನ್ನಿಗೆ ನಿಂತ ಕಂಪನಿ, ಎರಡೂ ಇಲ್ಲಿವೆ. ಮುಂದಿನ ಬಗೆಯಲ್ಲಿ ಆನೆಯ ಜಾಗಕ್ಕೆ ಸಿಂಹ ಬರುತ್ತದೆ, ‘ಶ್ರೀ ಚಾಮುಂಡಿ’ ಬರುತ್ತದೆ. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. 1843ಕ್ಕೆ ಮೈಸೂರಿನ ನಾಣ್ಯವೇ ನಿಂತಿತು. ಅಲ್ಲಿಂದ ಮುಂದೆ ಈ ನೆಲದಲ್ಲಿ ಓಡಿದ್ದು ಕಂಪನಿಯ, ಆಮೇಲೆ ರಾಣಿಯ ದುಡ್ಡು.

ಯಾವ ನಾಣ್ಯ ಹಿಡಿದರೂ ಹೀಗೆಯೇ ಕೇಳುತ್ತಾ ಹೋಗಿ: ಹೊಡೆಸಿದವರು ಯಾರು, ಎಲ್ಲಿ, ಯಾವಾಗ, ಆಗ ಇದಕ್ಕೆ ಏನು ಬರುತ್ತಿತ್ತು? ಎಲ್ಲಕ್ಕೂ ಉತ್ತರ ಸಿಗದಿದ್ದರೂ ಕೇಳುವುದು ಬಿಡಬೇಡಿ.

ಟಿಪ್ಪುವಿನ ತಾಮ್ರವೂ ಸುಲಭವಾಗಿ ಸಿಗುತ್ತದೆ, ಅದರಲ್ಲೂ ಆನೆಯಿದೆ. ಆದರೆ ಓದುವ ರೀತಿ ಬೇರೆ. ಅವನು ನಾಣ್ಯಗಳಿಗೆ ಗ್ರಹ ತಾರೆಗಳ ಹೆಸರಿಟ್ಟ. ಪೈಸೆಗೆ ಜೊಹ್ರಾ ಎಂದರೆ ಶುಕ್ರ, ಅರ್ಧಕ್ಕೆ ಬಹರಾಮ್ ಎಂದರೆ ಮಂಗಳ, ಕಾಲಿಗೆ ಅಖ್ತರ್ ಎಂದರೆ ತಾರೆ, ಅರೆಕಾಲಿಗೆ ಕುತುಬ್ ಎಂದರೆ ಧ್ರುವ. ಪೈಸೆಯ ಮೇಲೆ ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ’ ಎಂದಿದ್ದರೆ ಬಿದನೂರು, ‘ಫರ್ರುಖ್‌ಯಾಬ್ ಹಿಸಾರ್’ ಎಂದಿದ್ದರೆ ಚಿತ್ರದುರ್ಗ, ‘ಖುರ್ಷೀದ್ ಸವಾದ್’ ಎಂದಿದ್ದರೆ ಧಾರವಾಡ. ಪೈಗಂಬರರ ಹೆಸರಿನ ಮೌಲೂದಿ ಶಕವನ್ನು ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ ಓದಿದರೆ 5121 ಎಂದು ಕಾಣುವುದು 1215. ನಾನು ಮೊದಲ ಸಲ ಈ ಅಂಕಿ ನೋಡಿದಾಗ ಟಂಕಸಾಲೆಯವರ ತಪ್ಪು ಎಂದುಕೊಂಡು ಒಂದು ವಾರ ಕಳೆದೆ. ಅಂಕಿ ಬಿಡಿಸಿಕೊಂಡ ಆ ಕ್ಷಣದ ಸಂತೋಷ ಈಗಲೂ ನೆನಪಿದೆ. ಹೆಂಡರ್ಸನ್ ಎಂಬುವರು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಬರೆದ ಪುಸ್ತಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹೈದರನ ನಾಣ್ಯ ಇನ್ನೂ ಸ್ವಾರಸ್ಯದ್ದು. 1763ರಲ್ಲಿ ಬಿದನೂರು ಗೆದ್ದ ಮೇಲೆ ಇಕ್ಕೇರಿ ವರಹದ ಶಿವ ಪಾರ್ವತಿಯರನ್ನು ಒಂದು ಮುಖದಲ್ಲಿ ಹಾಗೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ಜನ ನಂಬಿದ ನಾಣ್ಯವನ್ನು ಕೆಡಿಸಬಾರದು ಎಂಬುದು ಅವನಿಗೆ ಗೊತ್ತಿತ್ತು.

ಚಿನ್ನವನ್ನು ಕೊಳ್ಳಲಾಗದಿದ್ದರೂ ನೋಡಬಹುದು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡ ಅಕ್ಷರದಲ್ಲಿ ಚಿನ್ನದ ಮೇಲೆ ಬರೆಸಿದ. ಇನ್ನೊಂದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ಡಂಗುರದವನು ಹೋಗದ ಹಳ್ಳಿಗೂ ಆ ಗೆಲುವಿನ ಸುದ್ದಿ ನಾಣ್ಯದ ಬೆನ್ನೇರಿ ಹೋಗುತ್ತಿತ್ತು. ಕಂಠೀರವ ನರಸರಾಜ ಒಡೆಯರ ಕಂಠೀರಾಯ ಹಣದ ತೂಕ ಒಂದು ಗ್ರಾಂನ ಮೂರನೆಯ ಒಂದು ಭಾಗದಷ್ಟು. ಆ ಚೂರಿನ ಮೇಲೆ ನರಸಿಂಹ ಕೂತಿದ್ದಾನೆ. ಬರಿಗಣ್ಣಿಗೆ ನಾಲ್ಕಾರು ಚುಕ್ಕಿ, ಎರಡು ಗೆರೆ. ಭೂತಗನ್ನಡಿ ಹಿಡಿದು ಬೆಳಕನ್ನು ಓರೆಯಾಗಿ ಬೀಳಿಸಿದರೆ ಚುಕ್ಕಿಗಳು ಸೇರಿ ಮುಖ, ಮಂಡಿ, ಕೈಗಳಾಗುತ್ತವೆ. ಇಂಥ ಹಣವನ್ನು ಎಣಿಸುವುದೇ ಕಷ್ಟ. ತಿರುವಾಂಕೂರಿನಲ್ಲಿ ಸಾಲು ಸಾಲು ಗುಳಿಗಳಿರುವ ಮರದ ಹಲಗೆ ಇಟ್ಟುಕೊಂಡಿದ್ದರು. ನಾಣ್ಯ ಸುರಿದು ಅಲುಗಾಡಿಸಿದರೆ ಗುಳಿಗೊಂದು ಕೂರುತ್ತಿತ್ತು. ವಿಜಯನಗರದ ಅಚ್ಯುತರಾಯನ ವರಹದ ಮೇಲೆ ಗಂಡಭೇರುಂಡ ಕೊಕ್ಕು ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ನಮ್ಮ ಸಾರಿಗೆ ಬಸ್ಸಿನ ಮೈಮೇಲೆ ದಿನಾ ನೋಡುವ ಹಕ್ಕಿ ಅದೇ. ಇವನ್ನೆಲ್ಲ ಕ್ರಮವಾಗಿ ತಿಳಿಯಲು ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಪುಸ್ತಕ ಹುಡುಕಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದಾಗ ಕಾರುಗಳ ಹತ್ತಿರ ಇಡೀ ಹೊತ್ತು ಕಳೆಯದೆ ನಾಣ್ಯಗಳಿಗೂ ಅರ್ಧ ಗಂಟೆ ಇಟ್ಟುಕೊಳ್ಳಿ.

ಟೋಕನ್‌ಗಳ ಲೋಕ ಬೇರೆ. ಹೋಟೆಲಿನ ಕಾಫಿ ಟೋಕನ್, ಗಿರಣಿಯ ಕ್ಯಾಂಟೀನಿನ ಬಿಲ್ಲೆ, ಕಚೇರಿಯ ಜವಾನ ಎದೆಗೆ ಅಡ್ಡಲಾಗಿ ಹಾಕುತ್ತಿದ್ದ ಡವಾಲಿಯ ಹಿತ್ತಾಳೆ ಬಿಲ್ಲೆ: ಯಾವ ಅರಸನೂ ಹೊಡೆಸದ, ಯಾವ ಪಟ್ಟಿಗೂ ಸೇರದ ವಸ್ತುಗಳು ಇವು. ಅಂಗಡಿ ಮುಚ್ಚಿದ ದಿನವೇ ಹಿತ್ತಾಳೆಯ ತೂಕಕ್ಕೆ ಹೋಗಿಬಿಡುತ್ತವೆ. ಹೊಸಬರು ನಿಜವಾದ ಉಪಕಾರ ಮಾಡಬಹುದಾದ ಜಾಗ ಇದೇ. ನಿಮ್ಮೂರಿನ ಟೋಕನ್ ಕೂಡಿಟ್ಟರೆ ಆ ಊರಿನ ದುಡಿಮೆಯ ಚರಿತ್ರೆಯ ಒಂದು ಹಾಳೆ ಉಳಿಯುತ್ತದೆ.

ಟೋಕನ್ನಿನಲ್ಲೇ ದೊಡ್ಡ ಮೋಸವೂ ಇದೆ. ರಾಮಟಂಕೆಗಳು ಪೂಜೆಗೆಂದು ಮಾಡಿದವು, ಒಂದು ಮುಖದಲ್ಲಿ ರಾಮ ಪಟ್ಟಾಭಿಷೇಕ. ಅದರಲ್ಲಿ ತಪ್ಪಿಲ್ಲ. ಆದರೆ ಕೆಲವದರ ಬೆನ್ನಿಗೆ ‘ಈಸ್ಟ್ ಇಂಡಿಯಾ ಕಂಪನಿ’ ಎಂದೂ 1616, 1717, 1818 ಎಂದೂ ಇಸವಿ ಹಾಕಿರುತ್ತಾರೆ. ರಾಮ, ಹನುಮಂತ, ಕಮಲಗಳಿರುವ ಇಂಥ ಬಿಲ್ಲೆಗಳನ್ನು ಕಂಪನಿ ಎಂದೂ ಹೊಡೆಸಿಲ್ಲ. ‘ಮುನ್ನೂರು ವರ್ಷದ್ದು, ಅಕ್ಕಿ ಎಳೆಯುತ್ತದೆ’ ಎಂದು ಇವನ್ನು ಲಕ್ಷಕ್ಕೆ ಮಾರುವವರಿದ್ದಾರೆ. ಒಂದು ಜಾತ್ರೆಯಲ್ಲಿ ನಾನೂ ಸಾವಿರದೈನೂರು ಕೊಟ್ಟು 1818ರದೊಂದು ತಂದೆ. ಇಂದಿಗೂ ಇಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸಲು. ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯವನ್ನು ಗುರುತಿಸಲು ಅಂಚನ್ನು ನೋಡಿ: ಎರಡು ಅಚ್ಚು ಕೂಡಿದ ಗೆರೆ ಕಾಣುತ್ತದೆ, ಅಕ್ಷರದ ಮೂಲೆಗಳು ಸಾಬೂನಿನಂತೆ ಸವೆದಿರುತ್ತವೆ, ಮೈಯಲ್ಲಿ ಸಣ್ಣ ಗುಳಿಗಳಿರುತ್ತವೆ. ತೂಕವೂ ಸಾಮಾನ್ಯವಾಗಿ ಹೊಂದುವುದಿಲ್ಲ.

ಪದಕಗಳಿಗೆ ಚಲಾವಣೆಯಿಲ್ಲ. ಅವು ಬರೀ ಮಾತಾಡಲೆಂದೇ ಮಾಡಿದವು, ಅದೂ ಗೆದ್ದವರ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದಕ್ಕಾಗಿ ಕಂಪನಿ ಕೊಟ್ಟ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿದೆ. ಸಿಂಹದ ಮೇಲಿನ ಬಾವುಟದಲ್ಲಿ ದೇವರ ಸಿಂಹಕ್ಕೆ ಜಯ ಎಂಬರ್ಥದ ಅರಬ್ಬಿ ಮಾತು. ಅದು ಟಿಪ್ಪು ತನ್ನ ಆಯುಧಗಳ ಮೇಲೆ ಬರೆಸುತ್ತಿದ್ದ ಮಾತೇ. ಸೋತವನ ಮಾತನ್ನೇ ಕಿತ್ತುಕೊಂಡು ಅವನ ಮೇಲೆ ತಿರುಗಿಸಿದ್ದಾರೆ. ಮೇಲಿನ ಅಧಿಕಾರಿಗೆ ಚಿನ್ನದ್ದು, ಸಿಪಾಯಿಗೆ ತವರದ್ದು. ಇನ್ನೊಂದು, 1837ರ ಕೊಡಗಿನ ಪದಕ. ಕತ್ತಿಯೆತ್ತಿದ ಕೊಡವ ಯೋಧ, ಅವನ ಸುತ್ತ ಕನ್ನಡ ಬರಹ. ಆ ಕನ್ನಡ ಹೇಳುವುದು, ಅಮರಸುಳ್ಯದ ಕಡೆಯಿಂದ ಎದ್ದ ರೈತರ ದಂಗೆಯನ್ನು ಅಡಗಿಸಿದವರ ನಿಷ್ಠೆಗೆ ಕಂಪನಿ ಸರ್ಕಾರದ ಮೆಚ್ಚುಗೆ ಎಂದು. ಹೊಯ್ಸಳನ ಚಿನ್ನದ ಮೇಲೆ ಕನ್ನಡ ಕಂಡರೆ ಎದೆಯುಬ್ಬುತ್ತದೆ. ಈ ಪದಕದ ಮೇಲೆ ಕಂಡರೆ ಗಂಟಲು ಕಟ್ಟುತ್ತದೆ. ಎರಡನ್ನೂ ಓದಬೇಕು.

ಇನ್ನು ಕಾಪಾಡುವ ವಿಷಯ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖಕ್ಕೆ ಬೆರಳು ತಾಕಿಸಬೇಡಿ. ಅಗ್ಗದ ಪಿವಿಸಿ ಹಾಳೆಗಳು ಕೆಲವೇ ವರ್ಷಗಳಲ್ಲಿ ತಾಮ್ರಕ್ಕೆ ಹಸಿರು ಅಂಟು ಹಿಡಿಸುತ್ತವೆ, ಅವನ್ನು ಬಳಸಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಒಯ್ಯುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದು ಅಜ್ಜನ ಡಬ್ಬಿಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವ ಮುನ್ನ ಇದನ್ನು ನೆನಪಿಡಿ.

ಹೈಸ್ಕೂಲಿನಲ್ಲಿದ್ದಾಗ ನನಗೆ ಸಿಕ್ಕ ಮೊದಲ ಇಪ್ಪತ್ತು ಕಾಸನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ದೇವರ ಮನೆಯ ಚೊಂಬಿನಂತೆ ಹೊಳೆಯಿತು. ನೂರೈವತ್ತು ವರ್ಷದಲ್ಲಿ ಕೂಡಿದ ಕಂದು ಪೊರೆ ಐದು ನಿಮಿಷದಲ್ಲಿ ಹೋಯಿತು, ಅದರೊಡನೆ ‘ಶ್ರೀ’ಯ ಒತ್ತಕ್ಷರವೂ ಸವೆಯಿತು. ಅದು ಮತ್ತೆ ಬರಲಿಲ್ಲ. ಆ ನಾಣ್ಯ ನಮ್ಮ ಮನೆಗೆ ಹೇಗೆ ಬಂತೆಂದು ಅಜ್ಜಿಯನ್ನು ಕೇಳಲೂ ಇಲ್ಲ. ನಿಮ್ಮ ಮನೆಯಲ್ಲಿ ಒಂದು ಹಳೆಯ ನಾಣ್ಯ ಸಿಕ್ಕರೆ ತೊಳೆಯಬೇಡಿ. ಹಿರಿಯರು ಇರುವಾಗಲೇ ಅದು ಯಾರದು, ಎಲ್ಲಿಂದ ಬಂತು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜತೆಗೇ ಇಡಿ.