ಸೊಂಟದ ರಿವಾಲ್ವರ್ ಮತ್ತು ತೋಟದ ವಸ್ತಿ

ಅರಭಾವಿಯಿಂದ ಮೂಡಲಗಿ, ಗೋಕಾಕ, ಘಟಪ್ರಭಾ ಯಾವ ಕಡೆ ಹೊರಟರೂ ಕಬ್ಬಿನ ನಡುವೆ ಒಂಟಿ ಮನೆಗಳು ಸಿಗುತ್ತವೆ. ಕಬ್ಬು ಆಳೆತ್ತರ ಬೆಳೆದ ಮೇಲೆ ಈ ತೋಟದ ವಸ್ತಿಗಳಿಗೆ ಪಕ್ಕದ ಮನೆಯ ದೀಪವೂ ಕಾಣುವುದಿಲ್ಲ. ಬಾವಿಯ ಮೋಟರಿನ ಕೇಬಲ್ ಕಳುವಾದಾಗ, ಕಬ್ಬಿನ ಬಿಲ್ಲಿನ ರೊಕ್ಕ ಮನೆಯಲ್ಲಿದ್ದಾಗ, ದಾಯಾದಿಗಳ ನಡುವೆ ಬದುವಿನ ಜಗಳ ಕಾವೇರಿದಾಗ ‘ಲೈಸನ್ಸ್ ಮಾಡಿಸಿ ಒಂದು ರಿವಾಲ್ವರ್ ತಗೊಂಡ್ರ ಹ್ಯಾಂಗ?’ ಎಂಬ ಮಾತು ಬರುತ್ತದೆ. ಆ ಭಯ ಖರೇ. ಅದಕ್ಕೆ ಈ ಆಯುಧ ತಕ್ಕ ಉತ್ತರವೇ ಎಂಬುದನ್ನಷ್ಟೇ ಇಲ್ಲಿ ನೋಡುತ್ತಿದ್ದೇನೆ.

ಮೊದಲಿಗೆ, ಆರಿಸಿಕೊಳ್ಳಲು ನಮ್ಮ ಮುಂದೆ ಬಹಳ ಇಲ್ಲ. 9 ಎಂ.ಎಂ., .38, .455 ಇವೆಲ್ಲ ನಿಷಿದ್ಧ ಬೋರುಗಳು. ಪೊಲೀಸರಿಗೆ, ಸೈನ್ಯಕ್ಕೆ ಸೇರಿದವು. ಸಾಮಾನ್ಯ ಲೈಸನ್ಸುದಾರನಿಗೆ ಹೆಚ್ಚಾಗಿ ಉಳಿಯುವುದು .32 ಬೋರ್. ಅದರಲ್ಲಿ ಹೆಸರು ಮಾಡಿದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ನಿರ್ಭೀಕ್’. 2012ರ ಡಿಸೆಂಬರಿನ ದೆಹಲಿಯ ಅತ್ಯಾಚಾರ ಪ್ರಕರಣದ ನೆನಪು ಹಸಿಯಾಗಿದ್ದಾಗ, ಹೆಣ್ಣುಮಕ್ಕಳ ರಕ್ಷಣೆಗೆ ಎಂದು ಹೇಳಿ, ಒಡವೆ ಇಡುವಂಥ ಪೆಟ್ಟಿಗೆಯಲ್ಲಿ ಇಟ್ಟು ಮಾರಿದರು. ಆಗಿನ ಬೆಲೆ ಸುಮಾರು 1,22,000 ರೂಪಾಯಿ.

ಯಂತ್ರವಾಗಿ ನೋಡಿದರೆ ಇದನ್ನು ತೆಗಳಲು ಕಾರಣ ಕಡಿಮೆ. ಟೈಟಾನಿಯಂ ಮಿಶ್ರಲೋಹದ ಮೈ, ಸುಮಾರು ಅರ್ಧ ಕಿಲೋ ತೂಕ, ಆರು ಗುಂಡು. ಹಳೆಯ ವೆಬ್ಲಿ ರಿವಾಲ್ವರಿನ ಹಾಗೆ ಮೇಲಿನ ಕೊಂಡಿ ಬಿಡಿಸಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಆರೂ ಗುಂಡಿನ ಮನೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಒಳಗೆ ಗುಂಡು ಇದೆಯೇ ಇಲ್ಲವೇ ಎಂದು ಯಾರಾದರೂ ಹೇಳಬಹುದು. ಹೊಸ ಕೈಗೆ ಇದೊಂದು ದೊಡ್ಡ ಗುಣ. ಪಿಸ್ತೂಲಿನಲ್ಲಿ ಹಾಗಲ್ಲ: ಮ್ಯಾಗಜಿನ್ ತೆಗೆದರೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು, ಖಾಲಿ ಎಂದು ನಂಬಿದವನ ಕೈಯಲ್ಲೇ ಅದು ಹಾರಬಹುದು. ರಿವಾಲ್ವರಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರಾಯಿತು, ಮುಂದಿನ ಮನೆ ತಾನೇ ಬರುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಹೇಳು ಎಂದರೆ ರಿವಾಲ್ವರ್ ಎನ್ನುತ್ತೇನೆ. ತೊಂದರೆ ಬೇರೆ ಕಡೆ ಇದೆ. ಹ್ಯಾಮರನ್ನು ಹಿಂದಕ್ಕೆಳೆಯದೆ ನೇರವಾಗಿ ಹಾರಿಸುವಾಗ ಟ್ರಿಗರ್ ಬಿಗಿ. ಬೆರಳು ಪೂರಾ ಎಳೆಯುವಷ್ಟರಲ್ಲಿ ತುದಿ ಓಲಾಡುತ್ತದೆ. ಗಿಡ್ಡ ನಳಿಗೆ, ಹಗುರ ಮೈ, ನಡುಗುವ ಕೈ ಮೂರೂ ಸೇರಿದರೆ ಅಂಗಳದ ಆಚೆಯ ಗುರಿಯೂ ತಪ್ಪುತ್ತದೆ.

ಆ ಅಂಗಳದ ಅಳತೆಯೇ ಇಡೀ ಪ್ರಶ್ನೆಯ ಹೃದಯ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಸರಳ ಲೆಕ್ಕ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ; ತರಬೇತಾದ ಪೊಲೀಸನಿಗೂ ಹೋಲ್‌ಸ್ಟರಿನಿಂದ ತೆಗೆದು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದನ್ನು ನಮ್ಮ ಕಡೆಗೆ ತಂದು ನೋಡಿ. ಇಲ್ಲಿ ಜಗಳಕ್ಕೆ ಮೇಲೆದ್ದು ಬರುವುದು ಕುಡಗೋಲು, ಕೊಡಲಿ. ಬರುವವನು ಬಹುತೇಕ ಗುರುತಿನವನೇ. ಅಣ್ಣತಮ್ಮ, ಬದುವಿನಾಚೆಯವ, ಸಾಲ ಕೊಟ್ಟವ. ಅವನು ಮಾತಾಡುತ್ತಲೇ ಹತ್ತಿರ ಬಂದು ನಿಂತಿರುತ್ತಾನೆ. ಧೋತರದ ನಡುವಿಗೆ ಸಿಕ್ಕಿಸಿದ, ಇಲ್ಲವೇ ಸೀರೆಯ ಸೆರಗಿನ ಕೆಳಗಿನ ಕೈಚೀಲದಲ್ಲಿರುವ ರಿವಾಲ್ವರಿಗೆ ಆ ಒಂದೂವರೆ ಸೆಕೆಂಡ್ ಸಿಗುವುದಿಲ್ಲ.

ಹತ್ತಿರದ ಧಾರವಾಡದ ಮಾತು ನೋವಿನದು, ಆದರೂ ಹೇಳಲೇಬೇಕು. 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಬಾಗಿಲು ಬಡಿದವರನ್ನು ಕಂಡು ಮನೆಯವರು ಹೆದರಲಿಲ್ಲ. ಸಂಶೋಧಕರ ಮನೆಗೆ ಹುಡುಗರು ಬರುವುದು ದಿನದ ಸಂಗತಿ. ಅಂಥ ಬಾಗಿಲ ಹಿಂದೆ ಕಪಾಟಿನಲ್ಲಿ ಎಷ್ಟು ಒಳ್ಳೆಯ ರಿವಾಲ್ವರ್ ಇದ್ದರೂ ಅದು ಏನು ಮಾಡೀತು? ಕೊಲ್ಲಲು ನಿರ್ಧರಿಸಿ ಬಂದವನು ಹೊತ್ತನ್ನು ತಾನೇ ಆರಿಸಿಕೊಂಡಿರುತ್ತಾನೆ.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯಡಿ ಲೈಸನ್ಸಿಗೆ ಪೊಲೀಸ್ ವರದಿ ಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧ ಬಳಸುವ ತರಬೇತಿಯ ಮಾತೂ ಸೇರಿತು. ನನ್ನ ಮಟ್ಟಿಗೆ ಕಡತದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಹಾಳೆ ಆ ತರಬೇತಿಯದೇ, ಜನ ಬೇಗ ಮುಗಿಸಿಬಿಡುವುದೂ ಅದನ್ನೇ. ಚುನಾವಣೆ ಬಂತೆಂದರೆ ಆಯುಧ ಹೆಚ್ಚಾಗಿ ಠಾಣೆಗೆ ಹೋಗುತ್ತದೆ; ಊರಲ್ಲಿ ಬಣಗಳ ಕಾವು ಹೆಚ್ಚಿರುವ ದಿನಗಳಲ್ಲೇ ಅದು ಮನೆಯಲ್ಲಿರುವುದಿಲ್ಲ. ಹಾರಿಸಿದ ಮೇಲಿನ ಕಥೆ ಇನ್ನೂ ಭಾರ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ ನಿಜ, ಆದರೆ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟನ್ನು ಅವು ಒಪ್ಪುವುದಿಲ್ಲ. ಕೇಬಲ್ ಕತ್ತರಿಸಿಕೊಂಡು ಓಡುವವನ ಬೆನ್ನಿಗೆ ಹಾರಿಸಿ ಕೊಂದವನು ರೈತನಾದರೂ ಕೊಲೆ ಆರೋಪಿಯೇ.

ಆಯುಧವನ್ನು ಸರ್ಕಾರ ಹೀಗೆ ಬಿಗಿ ಹಿಡಿಯುವುದು ಸರಿಯೇ ಎಂದು ಕೇಳುವವರಿಗೆ ನಮ್ಮ ಸೀಮೆಯಲ್ಲಿ ಇತಿಹಾಸವೇ ಬೆನ್ನಿಗಿದೆ. ಮುಧೋಳ ಸೀಮೆಯ ಹಲಗಲಿ ಇಲ್ಲಿಂದ ಪೂರ್ವಕ್ಕೆ ದೂರವೇನಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಎಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಹಟವನ್ನು ನಾನು ಗೌರವಿಸುತ್ತೇನೆ. ಆದರೆ ಹಲಗಲಿಯವರ ಹತಾರ ಇಡೀ ಊರಿನದು, ಬೇಟೆಯ ಬದುಕಿನದು, ದಿನವೂ ಕೈಯಲ್ಲಿ ಪಳಗಿದ್ದು. ಕಪಾಟಿನಲ್ಲಿ ಬೀಗ ಹಾಕಿಟ್ಟು ವರ್ಷಕ್ಕೊಮ್ಮೆ ಒರೆಸುವ ರಿವಾಲ್ವರಿಗೆ ಆ ಹೆಸರು ಹೇಳಿ ಸಮರ್ಥನೆ ಹುಡುಕುವುದು ಆ ಜನರಿಗೆ ಅನ್ಯಾಯ.

ಬೀಗ ಹಾಕಿಟ್ಟರೆ ಕಷ್ಟದ ಹೊತ್ತಿಗೆ ಸಿಗದು, ಬೀಗ ಹಾಕದಿದ್ದರೆ ಮಕ್ಕಳ ಕೈಗೆ, ಕುಡಿದವನ ಕೈಗೆ, ಬದುಕು ಬೇಸರವಾದವರ ಕೈಗೆ ಸಿಗುತ್ತದೆ. ಅಮೆರಿಕದ ವೈದ್ಯ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇಟ್ಟ ಮನೆಗಳಲ್ಲಿ ಮನೆಯೊಳಗಿನ ಕೊಲೆಯ ಅಪಾಯ 2.7 ಪಟ್ಟು ಹೆಚ್ಚಿತ್ತು. ಆ ದೇಶ ಬೇರೆ, ಅಲ್ಲಿನ ಬಂದೂಕುಗಳ ಸಂಖ್ಯೆ ಬೇರೆ ಎಂಬುದು ಗೊತ್ತಿದೆ. ಆದರೂ ಸಾಲದ ಬಾಧೆಗೆ ಕ್ರಿಮಿನಾಶಕದ ಡಬ್ಬಿಗೆ ಕೈಹಾಕುವ ಸೀಮೆಯಲ್ಲಿ, ಒಂದು ಕ್ಷಣದ ಕತ್ತಲೆಗೆ ಹಿಂದಿರುಗುವ ದಾರಿಯನ್ನೇ ಬಿಡದ ವಸ್ತುವನ್ನು ಮನೆಯೊಳಗೆ ತರುವ ಮುಂಚೆ ಆ ಅಂಕಿಯನ್ನು ಎರಡು ಸಲ ಓದಬೇಕು. ನಿರ್ಭೀಕ್ ಬಂದಾಗಲೇ ಮಣಿಪುರದ ಹೋರಾಟಗಾರ್ತಿ ಬಿನಾಲಕ್ಷ್ಮಿ ನೆಪ್ರಂ ಇದನ್ನು ವಿರೋಧಿಸಿದ್ದರು. ಬಂದೂಕಿನ ನಡುವೆಯೇ ಬೆಳೆದ ನಾಡಿನಿಂದ ಬಂದ ಆ ಮಾತಿಗೆ ನಮ್ಮಲ್ಲಿ ಸಿಕ್ಕ ಗಮನ ತೀರ ಕಡಿಮೆ.

ಹಾಗಾಗಿ ನನ್ನ ತೀರ್ಮಾನ ಇದು. ನಿರ್ಭೀಕ್ ಕೆಟ್ಟ ರಿವಾಲ್ವರ್ ಅಲ್ಲ, ಆದರೆ ಅರಭಾವಿಯ ವಸ್ತಿಗೆ ಅದು ಬೇಡ. ಅದೇ ಲಕ್ಷದ ರೊಕ್ಕದಲ್ಲಿ ಗಟ್ಟಿ ಬಾಗಿಲು, ಅಂಗಳದ ನಾಲ್ಕು ಮೂಲೆಗೂ ಸೋಲಾರ್ ದೀಪ, ಒಂದು ಕ್ಯಾಮೆರಾ ಆಗುತ್ತದೆ. ಮನೆಯ ಸುತ್ತ ಹತ್ತು ಮಾರು ಕಬ್ಬು ಬಿಟ್ಟು ಶೇಂಗಾ ಹಾಕಿದರೆ ಬರುವವರು ದೂರದಿಂದಲೇ ಕಾಣುತ್ತಾರೆ. ನಿಜವಾದ ಜೀವಬೆದರಿಕೆ ಇರುವವರು ಮೊದಲು ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ, ಆಪತ್ತಿನಲ್ಲಿ 112ಕ್ಕೆ ಫೋನ್ ಮಾಡಿ. ಈಗಾಗಲೇ ಲೈಸನ್ಸ್ ಪಡೆದು ಮನೆಯಲ್ಲಿ ಆಯುಧ ಇಟ್ಟವರು ಇಂದೇ ಗುಂಡು ಹೊರತೆಗೆದು, ಗುಂಡಿಗೊಂದು ಆಯುಧಕ್ಕೊಂದು ಬೇರೆ ಬೇರೆ ಬೀಗ ಹಾಕಿ, ಬೀಗದ ಕೈ ಮಕ್ಕಳ ಕಣ್ಣಿಗೆ ಬೀಳದಂತೆ ಇಡಿ.