ಬಯಲುಸೀಮೆಯ ಬೆಳಕೂ ನಿಸರ್ಗಚಿತ್ರವೂ

ಚಿತ್ರಕಲೆಗೆ ಆರು ಅಂಗಗಳುಂಟೆಂದು ಕಾಮಸೂತ್ರದ ಜಯಮಂಗಲಾ ವ್ಯಾಖ್ಯಾನವು ಹೇಳುತ್ತದೆ. ಅವುಗಳಲ್ಲಿ ಕಡೆಯವೆರಡು ಸಾದೃಶ್ಯ ಮತ್ತು ವರ್ಣಿಕಾಭಂಗ. ಮೊದಲನೆಯದು ವಸ್ತುವಿನ ಹೋಲಿಕೆ. ಎರಡನೆಯದು ಬಣ್ಣಗಳನ್ನು ಬೆರಸಿ ಬಳಸುವ ವಿವೇಕ. ಬಯಲಿನಲ್ಲಿ ಕುಳಿತು ಪೆನ್ಸಿಲಿನಿಂದಲೂ ಜಲವರ್ಣದಿಂದಲೂ ನಿಸರ್ಗವನ್ನು ಚಿತ್ರಿಸುವವನಿಗೆ ಇವೆರಡೂ ಒಂದೇ. ವರ್ಣವು ತಪ್ಪಿದಲ್ಲಿ ಸ್ಥಳದ ಹೋಲಿಕೆಯೂ ತಪ್ಪುವುದು.

ಈ ಕಲೆಯಲ್ಲಿ ಕನ್ನಡನಾಡಿಗೆ ಮೇಲ್ಪಂಕ್ತಿಯಾದವರು ಕೆ. ವೆಂಕಟಪ್ಪನವರು (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಇವರು ಉದಕಮಂಡಲ, ಕೊಡೈಕಾನಲುಗಳ ಗಿರಿದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು. ಆ ಚಿತ್ರಗಳಲ್ಲಿ ಮೋಡವೂ ಮಂಜೂ ಮನೋಹರವಾಗಿವೆಯೆಂಬುದು ನಿಜ. ಆದರೆ ಅವರ ಹಿರಿಮೆಯು ಮಂಜಿನಲ್ಲಿಲ್ಲ. ಆಯಾ ಸ್ಥಳದ ಗಾಳಿಬೆಳಕುಗಳಿಗೆ ಕುಂಚವನ್ನು ವಿಧೇಯವಾಗಿಸಿದ ತಾಳ್ಮೆಯಲ್ಲಿದೆ.

ಅನುಕರಿಸುವವರು ತಾಳ್ಮೆಯನ್ನು ಬಿಟ್ಟು ಮಂಜನ್ನು ಮಾತ್ರ ಕೈಕೊಂಡರೆ ಆಭಾಸವಾಗುತ್ತದೆ. ಹೂವಿನಹಡಗಲಿ ಸೀಮೆಯ ಇಟ್ಟಿಗಿಯ ಬಯಲಿಗೆ ನೀಲಗಿರಿಯ ಮುಸುಕನ್ನು ಹೊದಿಸಿದರೆ ಅದು ಇಟ್ಟಿಗಿಯೂ ಆಗದು, ನೀಲಗಿರಿಯೂ ಆಗದು. ಇಲ್ಲಿನ ಬೇಸಗೆಯಲ್ಲಿ ಕಾಗದದ ಮೇಲಣ ನೀರು ಕುಂಚವು ಅಂಚನ್ನು ಮುಟ್ಟುವ ಮೊದಲೇ ಆರಿ ಗೆರೆಕಟ್ಟುತ್ತದೆ. ಅದು ದೋಷವೆಂದು ತಿದ್ದಹೊರಟವನು ಬಣ್ಣವನ್ನು ಕೆಸರು ಮಾಡುವನು; ಅದನ್ನೇ ಗುಣವೆಂದು ತಿಳಿದವನು ಬಿಸಿಲಿನ ಕಟುವಾದ ನೆರಳನ್ನು ಅದರಿಂದಲೇ ಸಾಧಿಸುವನು. ನೆರಳು ಗಳಿಗೆಗಳಿಗೆಗೂ ಸರಿಯುವುದರಿಂದ ಅದರ ಎಲ್ಲೆಯನ್ನು ಪೆನ್ಸಿಲಿನಿಂದ ಮೊದಲೇ ಗುರುತಿಸಿಕೊಳ್ಳಬೇಕು. ಪಾರದರ್ಶಕವಾದ ಜಲವರ್ಣದಲ್ಲಿ ಬೆಳಕೆಂದರೆ ಬಳಿದ ಬಿಳುಪಲ್ಲ, ಮುಟ್ಟದೆ ಉಳಿಸಿದ ಕಾಗದ. ಆದುದರಿಂದ ಬಯಲುಸೀಮೆಯ ಚಿತ್ರಕಾರನಿಗೆ ಬಳಿಯುವ ಕೌಶಲಕ್ಕಿಂತ ಬಿಡುವ ಸಂಯಮವೇ ಹೆಚ್ಚಿನದು.

ದುಷ್ಯಂತನು ಕಣ್ವಾಶ್ರಮದಿಂದ ದೂರದಲ್ಲಿದ್ದೂ ನೆನಪಿನಿಂದಲೇ ಶಕುಂತಲೆಯನ್ನು ಚಿತ್ರಿಸಲಿಲ್ಲವೇ, ಸ್ಥಳದಲ್ಲಿಯೇ ಕೂರಬೇಕೆಂಬ ನಿರ್ಬಂಧವೇಕೆ ಎಂದು ಕೇಳಬಹುದು. ಕಾಳಿದಾಸನ ಆ ರಾಜನು ಇನ್ನೂ ಬರೆಯಬೇಕಾದುವೆಂದು ಮಾಲಿನೀ ನದಿಯನ್ನೂ ಹಂಸಗಳನ್ನೂ ಜಿಂಕೆಗಳನ್ನೂ ಎಣಿಸುತ್ತಾನೆ. ಕಣ್ಣಾರೆ ಕಂಡಿದ್ದವನಿಗೆ ಮಾತ್ರ ಅಂತಹ ನೆನಪು ಸಾಧ್ಯ. ಛಾಯಾಚಿತ್ರವನ್ನು ನೋಡಿ ಮನೆಯೊಳಗೆ ನಕಲು ತೆಗೆಯುವವನಿಗೆ ಆ ಅನುಭವವೂ ಇಲ್ಲ, ಆ ನೆನಪೂ ಇಲ್ಲ.

ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನೇ ಚಿತ್ರಕ್ಕೆ ಸಾಕಷ್ಟು ವಸ್ತುವೆಂದು ಬಗೆದರು. ನಿತ್ಯ ಕಾಣುವುದರಲ್ಲಿ ಕಾಣದುದನ್ನು ತೋರಿಸಿದುದೇ ಅವರ ಸಿದ್ಧಿ. ಇಟ್ಟಿಗಿಯ ಬಯಲಿನಲ್ಲಿ ಚಿತ್ರಿಸಲು ಏನಿದೆಯೆಂದು ಕೇಳುವ ಎಳೆಯರಿಗೆ ಇದೇ ಉತ್ತರ. ತನ್ನೂರಿನ ಬಿಸಿಲು ಸುಂದರವಲ್ಲವೆಂದು ನಂಬಿದ ಕಣ್ಣು ಯಾವ ಗಿರಿಯ ಮಂಜನ್ನೂ ನಿಜವಾಗಿ ಕಾಣಲಾರದು.